ಅಂಕಪಟ್ಟಿಗೆ ಸಿಗದ ಟೀಚರು

ಡಯಾನ್ ರಾವಿಚ್ ಅವರ 'ದಿ ಡೆತ್ ಆ್ಯಂಡ್ ಲೈಫ್ ಆಫ್ ದಿ ಗ್ರೇಟ್ ಅಮೆರಿಕನ್ ಸ್ಕೂಲ್ ಸಿಸ್ಟಮ್' (2010) ಒಂದು ಬಗೆಯ ತೌಬಾ. ಹಿರಿಯ ಬುಷ್ ಸರಕಾರದಲ್ಲಿ ಶಿಕ್ಷಣ ಇಲಾಖೆಯ ಉನ್ನತ ಹುದ್ದೆಯಲ್ಲಿದ್ದ ಈ ಇತಿಹಾಸಗಾರ್ತಿ, ಪರೀಕ್ಷೆಯ ಬಿಗಿಯಿಂದ ಶಾಲೆಗಳು ಸುಧಾರಿಸುತ್ತವೆಂದು ನಂಬಿದ್ದವರು. 2002ರಲ್ಲಿ ಜಾರಿಗೆ ಬಂದ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾಯ್ದೆಯನ್ನೂ ಮೊದಲು ಬೆಂಬಲಿಸಿದ್ದರು. 3ರಿಂದ 8ನೇ ತರಗತಿಯವರೆಗೆ ವರ್ಷಕ್ಕೊಮ್ಮೆ ಓದು, ಗಣಿತದ ಪರೀಕ್ಷೆ. 2014ರೊಳಗೆ ಎಲ್ಲ ಮಕ್ಕಳೂ ಪ್ರವೀಣರಾಗಲೇಬೇಕು. ಹಿಂದೆ ಬೀಳುತ್ತಲೇ ಹೋದ ಶಾಲೆಗೆ ಶಿಕ್ಷೆ. ಆದದ್ದೇನು? ಪರೀಕ್ಷೆಗಿಲ್ಲದ ಇತಿಹಾಸ, ಕಲೆಗಳು ವೇಳಾಪಟ್ಟಿಯ ಮೂಲೆ ಸೇರಿದವು. ಕೆಲವು ರಾಜ್ಯಗಳು ಪಾಸಿನ ಗೆರೆಯನ್ನೇ ತಗ್ಗಿಸಿ ಗೆದ್ದವು. ತಾನು ನಂಬಿದ್ದು ಕೈಕೊಟ್ಟಿತೆಂದು ರಾವಿಚ್ ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ.

ಕಥೆ ಬರೆಯುವ ನಮ್ಮಂಥವರಿಗೆ ಈ ಪುಸ್ತಕದ ಜೀವ ಇರುವುದು ಅಂಕಿಅಂಶಗಳಲ್ಲಲ್ಲ, ಹ್ಯೂಸ್ಟನ್ನಿನ ರೂಬಿ ರಾಟ್ಲಿಫ್ ಎಂಬ ಟೀಚರಲ್ಲಿ. ಲೇಖಕಿಗೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸಿದವರು. ಕೆಂಪು ಪೆನ್ನು ಹಿಡಿದರೆ ತಪ್ಪನ್ನು ಬಿಡದವರು. ಶಾಲೆ ಮುಗಿಸಿ ಹೊರಟ ಮಕ್ಕಳಿಗೆ ಕವಿತೆಯ ಒಂದೆರಡು ಸಾಲುಗಳನ್ನು ಉಡುಗೊರೆ ಕೊಟ್ಟವರು. ಉರ್ದುವಿನಲ್ಲಿ ತಾಲೀಮ್ ಬೇರೆ, ತರಬಿಯತ್ ಬೇರೆ. ಪಾಠ ಹೇಳುವುದು ಒಂದು, ಮನುಷ್ಯನನ್ನು ತಿದ್ದಿ ಬೆಳೆಸುವುದು ಇನ್ನೊಂದು. ರಾಟ್ಲಿಫ್ ಎರಡನ್ನೂ ಮಾಡಿದರು. ಯಂತ್ರ ತಿದ್ದುವ ಉತ್ತರಪತ್ರಿಕೆ ಎರಡನೆಯದನ್ನು ಕಾಣಲಾರದು.

ಆದರೆ ಒಂದು ತಕರಾರು ನಮಗಿದೆ. ಲೆಕ್ಕ ಕೇಳುವುದೇ ಅನ್ಯಾಯವೆಂಬ ತೀರ್ಮಾನಕ್ಕೆ ಓದುಗರು ಜಾರುವ ಅಪಾಯ ಇಲ್ಲಿದೆ. ಕಪ್ಪು ಜನರ, ಬಡವರ ಮಕ್ಕಳ ಫಲಿತಾಂಶವನ್ನು ಬೇರೆಯಾಗಿ ತೋರಿಸಬೇಕೆಂದು ಅದೇ ಕಾಯ್ದೆ ಕಡ್ಡಾಯ ಮಾಡಿತು. ಸರಾಸರಿಯ ಮರೆಯಲ್ಲಿದ್ದ ಮಕ್ಕಳು ಕಣ್ಣಿಗೆ ಬಿದ್ದರು. ಇದನ್ನು ಅವರು ಇನ್ನಷ್ಟು ಹೊತ್ತು ಚರ್ಚಿಸಬೇಕಿತ್ತು. 6ರಿಂದ 14 ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಯ ಮೆಟ್ಟಿಲು ಹತ್ತಿಲ್ಲ, ಇಲ್ಲವೆ ನಡುವೆ ಬಿಟ್ಟಿದ್ದಾರೆಂದು 2006ರಲ್ಲಿ ಸಾಚಾರ್ ಸಮಿತಿ ಎಣಿಸಿ ಹೇಳದಿದ್ದರೆ ನಮ್ಮ ಮೊಹಲ್ಲಾಗಳ ಆ ಮಕ್ಕಳು ಯಾರ ಕಡತದಲ್ಲಿದ್ದರು? ಎಣಿಕೆ ಬೇಕು. ಎಣಿಸಿದ ಮೇಲೆ ಬೈಸಿಕೊಳ್ಳುವವರು ಮೇಷ್ಟ್ರೊಬ್ಬರೇ ಏಕೆ ಎಂಬುದು ಬೇರೆ ಮಾತು.

ಸ್ಯಾನ್ ಡಿಯಾಗೋದ ಅಧ್ಯಾಯದಲ್ಲಿ ಶಿಕ್ಷಕರು ಬರುತ್ತಾರೆ, ಹೆಚ್ಚಾಗಿ ಮೇಲಿನ ಅಪ್ಪಣೆಯಿಂದ ನೊಂದವರಾಗಿ. ಅವರು ಮುಂದೆ ನಿಂತು ದಾರಿ ತೋರಿದ ಪ್ರಸಂಗವೊಂದು ಪುಸ್ತಕ ಬಂದ ಮೇಲಿನದು: 2013ರಲ್ಲಿ, ಸಿಯಾಟಲಿನ ಗಾರ್ಫೀಲ್ಡ್ ಹೈಸ್ಕೂಲಿನಲ್ಲಿ. ತಾವು ಕಲಿಸುವುದಕ್ಕೂ ಪರೀಕ್ಷೆಗೂ ಹೊಂದಿಕೆಯಿಲ್ಲ, ಕಂಪ್ಯೂಟರ್ ಕೋಣೆಗಳು ವಾರಗಟ್ಟಲೆ ಇದಕ್ಕೇ ಹೋಗುತ್ತವೆ ಎಂದು ಅಲ್ಲಿನ ಶಿಕ್ಷಕರು 'ಮ್ಯಾಪ್' ಎಂಬ ಪರೀಕ್ಷೆ ನಡೆಸಲು ಒಪ್ಪಲಿಲ್ಲ. ಅಮಾನತಿನ ಬೆದರಿಕೆ ಬಂತು; ಪೋಷಕರೂ ಮಕ್ಕಳೂ ಜೊತೆಗೆ ನಿಂತರು. ಒಳ್ಳೆಯ ಮೌಲ್ಯಮಾಪನ ಹೇಗಿರಬೇಕೆಂದು ಆ ಶಿಕ್ಷಕರು ತಾವೇ ಕೂತು ಚರ್ಚಿಸಿದ್ದೂ ಉಂಟು. ಮೇ ತಿಂಗಳಲ್ಲಿ ಆಡಳಿತ ಆ ಪರೀಕ್ಷೆಯನ್ನು ಹೈಸ್ಕೂಲುಗಳಿಗೆ ಐಚ್ಛಿಕ ಮಾಡಿತು.