‘ಕೆನರೀಸ್’: ಹಳೆಯ ಹೆಸರೊಂದರ ಅನುವಾದ

ಇಂಗ್ಲಿಷಿನಲ್ಲಿ ಇಂದು ಬಳಕೆ ತಪ್ಪಿರುವ ‘ಕೆನರೀಸ್’ ಎಂಬ ಪದ ಹತ್ತೊಂಬತ್ತನೆಯ ಶತಮಾನದ ಗ್ರಂಥಗಳಲ್ಲಿ ಮತ್ತೆಮತ್ತೆ ಎದುರಾಗುತ್ತದೆ. ಅನುವಾದದಲ್ಲಿ ಅದನ್ನು ‘ಕನ್ನಡ’ವೆಂದು ಬರೆದು ಮುಂದೆ ಸಾಗುವುದು ಸುಲಭ. ಕಾಲ್ಡ್‌ವೆಲ್ಲರ 1856ರ ತೌಲನಿಕ ವ್ಯಾಕರಣದ ಮಟ್ಟಿಗೆ ಇದರಿಂದ ಬಾಧಕವಿಲ್ಲ; ಅಲ್ಲಿ ಉದ್ದಿಷ್ಟವಾದದ್ದು ಕನ್ನಡವೇ. ಆದರೆ ಈ ಹೆಸರಿನ ಬಳಗದ ಪದಗಳಿಗೆಲ್ಲ ಈ ಮಾತು ಸಲ್ಲದು.

ಯೂಲ್ ಮತ್ತು ಬರ್ನೆಲ್ಲರ ‘ಹಾಬ್ಸನ್-ಜಾಬ್ಸನ್’ ಕೋಶದ (1886) ಪ್ರಕಾರ ‘ಕೆನರಾ’ ಮೂಲತಃ ‘ಕರ್ನಾಟಕ’ಕ್ಕೆ ಪರ್ಯಾಯವಾದ ಹೆಸರು, ಘಟ್ಟದ ಕೆಳಗಿನ ಕರಾವಳಿಗೆ ಅದನ್ನು ಮೀಸಲಿಟ್ಟದ್ದು ಐರೋಪ್ಯರ ರೂಢಿ. ಹೆಸರಿಗೆ ‘ಕರಿಯ ನಾಡು’ ಎಂಬ ವ್ಯುತ್ಪತ್ತಿಯನ್ನೂ ಅದೇ ಕೋಶ ಸೂಚಿಸುತ್ತದೆ. ಹೀಗೆ ಕರಿಮಣ್ಣಿನ ಒಳನಾಡಿನ ಹೆಸರು ಹಡಗು ತಂಗುವ ದಡಕ್ಕೆ ಸಂದಿತು. ಕಾವೇರಿ–ಗೋದಾವರಿಗಳ ನಡುವೆ ‘ಕವಿರಾಜಮಾರ್ಗ’ ಗುರುತಿಸಿದ ಕನ್ನಡನಾಡಿನೊಳಗೇ ಬರುವ, ಕೃಷ್ಣೆಯ ಆಚೆಯ ಮಾಗನೂರು ಸೀಮೆ ಆ ‘ಕೆನರಾ’ದ ಹೊರಗುಳಿಯಿತು.

ಕರಾವಳಿಗೆ ಸರಿದ ಹೆಸರು ಅಲ್ಲಿನ ಇತರ ಭಾಷಿಕರನ್ನೂ ಆವರಿಸಿತು. ಥಾಮಸ್ ಸ್ಟೀಫನ್ಸರ ವ್ಯಾಕರಣ 1640ರಲ್ಲಿ ಗೋವೆಯ ರಾಚೋಲಿನಲ್ಲಿ ಅಚ್ಚಾಯಿತು. ಅದರ ಶೀರ್ಷಿಕೆಯಲ್ಲಿರುವ ಭಾಷೆಯ ಹೆಸರು ‘ಕನಾರಿಂ’. ಒಳಗಿರುವುದು ಕೊಂಕಣಿಯ ವ್ಯಾಕರಣ. ಶೀರ್ಷಿಕೆಯನ್ನಷ್ಟೇ ನೋಡಿ ‘ಕನ್ನಡ’ವೆಂದು ಅನುವಾದಿಸಿದರೆ ಕೊಂಕಣಿಯ ಆಸ್ತಿ ಕನ್ನಡದ ಲೆಕ್ಕಕ್ಕೆ ಜಮೆಯಾಗುತ್ತದೆ.

ಹೆಸರಿನ ಬದಲಾವಣೆಗೂ ಚರಿತ್ರೆಯಿದೆ. ನಾಗವರ್ಮನ ಛಂದಸ್ಸನ್ನು 1875ರಲ್ಲಿ ಸಂಪಾದಿಸಿದಾಗ ಕಿಟೆಲ್ಲರು ಇಂಗ್ಲಿಷ್ ಶೀರ್ಷಿಕೆಯಲ್ಲಿ ‘ಕೆನರೀಸ್’ ಎಂದೇ ಬರೆದಿದ್ದರು. 1894ರ ನಿಘಂಟಿನ ಹೊತ್ತಿಗೆ ಅದು ‘ಕನ್ನಡ’ವಾಗಿದೆ. ಭಾಷಿಕರು ತಮ್ಮ ಭಾಷೆಗೆ ಹೇಳಿಕೊಳ್ಳುವ ಹೆಸರು ಇಂಗ್ಲಿಷ್ ಮುಖಪುಟವನ್ನೇರಿತು. ಆದರೂ ಹಳೆಯ ಪದ ಅಳಿಯಲಿಲ್ಲ, ಇ. ಪಿ. ರೈಸರ ಸಾಹಿತ್ಯ ಚರಿತ್ರೆ 1921ರ ಮುದ್ರಣದಲ್ಲೂ ಅದನ್ನು ಉಳಿಸಿಕೊಂಡಿದೆ. ಎಲ್ಲವನ್ನೂ ‘ಕನ್ನಡ’ವೆಂದು ಸಮಗೊಳಿಸುವ ಅನುವಾದದಲ್ಲಿ ಕಿಟೆಲ್ಲರ ಈ ನಡೆ ಕಾಣುವುದೇ ಇಲ್ಲ.

ಆದ್ದರಿಂದ ಶೀರ್ಷಿಕೆಗಳಲ್ಲಿ ಮೂಲರೂಪವನ್ನು ಉಳಿಸಿ, ಪಠ್ಯದೊಳಗೆ ಉದಾಹರಣೆ, ಪ್ರದೇಶ, ಲಿಪಿಗಳ ಆಧಾರದಿಂದ ಅರ್ಥವನ್ನು ನಿರ್ಣಯಿಸುವುದೇ ಉಚಿತ. ಗಡಿನಾಡಿನ ಓದುಗರಿಗೆ ಇದು ಬರಿಯ ಶಬ್ದಶಾಸ್ತ್ರದ ಪ್ರಶ್ನೆಯಲ್ಲ. ಮಾಗನೂರಿನ ನೆರೆಯ ಗದ್ವಾಲ ತಾಲೂಕು 1956ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿತು. ಅಲ್ಲಿ ಉಳಿದ ಕನ್ನಡ ‘ಅಲ್ಪಸಂಖ್ಯಾತ ಭಾಷೆ’ ಎಂಬ ಹೆಸರು ಪಡೆಯಿತು. ಪರರು ಇಟ್ಟ ಹೆಸರಿನೊಳಗೆ ಬದುಕುವುದೇನೆಂದು ಬಲ್ಲ ಭಾಷೆಯೊಂದು ಅನುವಾದದ ಅವಸರದಲ್ಲಿ ನೆರೆಭಾಷೆಗೆ ತನ್ನ ಹೆಸರನ್ನು ಹೊದಿಸಲಾಗದು.