ತಡೆಹಿಡಿದ ಕರೆ, ವಿಸ್ತರಿಸಿದ ಸಂಖ್ಯೆ

ದಾವಣಗೆರೆಯಲ್ಲಿ ಒಂದು ಆಸ್ಪತ್ರೆ. ಹೆಸರು ಬೇಡ. ಫೋನ್ ಮಾಡಿದರೆ ಮೊದಲು ಮಾತಾಡೋದು ಮಷೀನು. ‘ವಿಸ್ತರಣಾ ಸಂಖ್ಯೆ ತಿಳಿದಿದ್ದಲ್ಲಿ ಈಗಲೇ ನಮೂದಿಸಿ’ ಅನ್ನುತ್ತೆ. ಸುಮ್ಮನಿದ್ದರೆ, ‘ನಿಮ್ಮ ಕರೆಯನ್ನು ತಡೆಹಿಡಿಯಲಾಗಿದೆ’. ಹರಿಹರದ ನಮ್ಮ ದೊಡ್ಡಮ್ಮ ಅಲ್ಲಿಗೆ ಫೋನ್ ಇಟ್ಟುಬಿಡ್ತಾರೆ. ಸಂಬಳ ತಡೆಹಿಡಿದರು, ಪಿಂಚಣಿ ತಡೆಹಿಡಿದರು ಅನ್ನೋದನ್ನ ಕೇಳಿ ಬಲ್ಲವರು ಅವರು. ‘ತಡೆದಾರಂತಪ್ಪಾ, ಡಾಕ್ಟ್ರು ಇವತ್ತು ಸಿಗಲ್ಲ’ ಅಂತ ಅವರು ಅರ್ಥ ಮಾಡಿಕೊಂಡರೆ ಅದು ಆ ಕನ್ನಡದ ತಪ್ಪು, ಅವರದಲ್ಲ.

ಹೋಲ್ಡ್ ಅಂದರೆ ತಡೆಯುವುದಲ್ಲ, ಬಿಡದೆ ಇರುವುದು. ಲೈನ್ ಕಡಿದಿರೋದಿಲ್ಲ, ಆಚೆ ಕಡೆಯ ಮಾತು ನಿಲ್ಲಿಸಿ ನಮಗೊಂದು ಸಂಗೀತ ಹಚ್ಚಿರುತ್ತಾರೆ, ಅಷ್ಟೆ. ಹಿಂದೆ ಬೋರ್ಡಿನ ಮುಂದೆ ಕೂತ ಆಪರೇಟರ್ ಇದನ್ನೇ ‘ಲೈನಲ್ಲೇ ಇರಿ ಸಾರ್’ ಅನ್ನುತ್ತಿದ್ದರು. ಏನು ಮಾಡಬೇಕು ಅನ್ನೋದೂ ಅದರಲ್ಲೇ ಇತ್ತು. ಮಷೀನಿಗೆ ಕನ್ನಡ ಬರೆದುಕೊಟ್ಟವರು ನಿಘಂಟು ನೋಡಿದರೇ ಹೊರತು ಆ ಆಪರೇಟರನ್ನು ಒಂದು ಮಾತು ಕೇಳಲಿಲ್ಲ.

ಎಕ್ಸ್‌ಟೆನ್ಷನ್ ಕಥೆಯೂ ಇದೇ. ಇಪಿಎಬಿಎಕ್ಸ್ ಅನ್ನೋ ಪೆಟ್ಟಿಗೆಗೆ ಹರಿಹರೇಶ್ವರನ ಹಾಗೆ ಎರಡು ಮೈ. ಒಂದು ಕಡೆ ಊರಿನ ಎಕ್ಸ್‌ಚೇಂಜಿನಿಂದ ಬಂದ ನಾಲ್ಕೋ ಐದೋ ಲೈನು, ಅದಕ್ಕೆ ಟ್ರಂಕ್ ಅನ್ನುತ್ತಾರೆ. ಇನ್ನೊಂದು ಕಡೆ ಒಳಗಿನ ಮೂವತ್ತು ನಲವತ್ತು ಫೋನು. ನಲವತ್ತು ಜನ ಒಮ್ಮೆಗೇ ಹೊರಗೆ ಮಾತಾಡೋದಿಲ್ಲ ಅನ್ನೋ ಲೆಕ್ಕದ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಇಲ್ಲಿ ಏನು ವಿಸ್ತರಣೆ ಆಯಿತು? ‘ಒಳಗಿನ ನಂಬರ್’ ಅಂದರೆ ಮುಗೀತು. ಹತ್ತಿ ಗಿರಣಿಯ ದಾವಣಗೆರೆಗೆ, ಕಿರ್ಲೋಸ್ಕರ್ ಲೇತಿನ ಹರಿಹರಕ್ಕೆ ಇದೇನು ಬಿಡಿಸಿ ಹೇಳಬೇಕಾದ ಮಾತಲ್ಲ.

ಸ್ವಿಚ್ ಅನ್ನೋದು ಇನ್ನೂ ತಮಾಷೆ. ನಮಗೆ ಸ್ವಿಚ್ ಅಂದರೆ ದೀಪ ಹಚ್ಚೋದು, ಆರಿಸೋದು. ಟೆಲಿಫೋನಿನ ಸ್ವಿಚ್ ಮಾಡೋದು ರೈಲಿನವರ ಕೆಲಸ. ಹರಿಹರದ ಹತ್ತಿರ ಅಮರಾವತಿ ಕಾಲೊನಿ ಜಂಕ್ಷನ್ನಿನಲ್ಲಿ ಕೊಟ್ಟೂರಿನ ಹಳಿ ಕವಲೊಡೆಯುತ್ತಲ್ಲ, ಹಾಗೆ ಯಾವ ಲೈನಿಗೆ ಯಾವ ಲೈನು ಕೂಡಿಸಬೇಕು ಅಂತ ತೀರ್ಮಾನಿಸೋದು. ಬಳಕೆಯಲ್ಲಿ ಗೆದ್ದ ಮೊದಲ ಸ್ವಯಂಚಾಲಿತ ಸ್ವಿಚ್ಚಿಗೆ 1891ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಆಲ್ಮನ್ ಸ್ಟ್ರೋಜರ್ ಎಂಜಿನಿಯರಲ್ಲ, ಶವಸಂಸ್ಕಾರದ ವ್ಯವಸ್ಥೆ ಮಾಡುವ ವ್ಯಾಪಾರಿ. ಆ ಬಗೆಯ ಎಕ್ಸ್‌ಚೇಂಜುಗಳಲ್ಲಿ ಒಂದು ಲೋಹದ ತೋಳು ಟಕಟಕ ಮೇಲೇರಿ, ಪಕ್ಕಕ್ಕೆ ಸರಿದು, ಖಾಲಿ ಲೈನ್ ಹುಡುಕುತ್ತಿತ್ತು. ಅದೇ ಹಂಟಿಂಗ್. ಒಂದೇ ನಂಬರಿನ ಮುಂದೆ ‘5 ಲೈನ್ಸ್’ ಅಂತ ಲೆಟರ್‌ಹೆಡ್ಡಿನಲ್ಲಿ ಅಚ್ಚು ಹಾಕಿಸುತ್ತಿದ್ದ ಮಂಡಿ ವ್ಯಾಪಾರಿಗಳ ಗತ್ತಿನ ಹಿಂದೆ ಇದ್ದದ್ದು ಈ ಹುಡುಕಾಟ.

ಪದ ಇಲ್ಲದಿರೋದಕ್ಕೆ ಯಂತ್ರ ಪರದೇಶದ್ದು ಅನ್ನೋ ನೆಪ ಹೇಳುವಂತಿಲ್ಲ. ಇದೇ ಪುಣೆ-ಬೆಂಗಳೂರು ರಸ್ತೆಯಲ್ಲಿ ಹರಿಹರ ಬಿಟ್ಟು, ಹುಬ್ಬಳ್ಳಿ-ಧಾರವಾಡ ದಾಟಿದರೆ ಕಿತ್ತೂರು. ಸಿ-ಡಾಟ್‌ನವರು ಇಲ್ಲೇ ತಯಾರಿಸಿದ 128 ಲೈನಿನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಕೂತದ್ದು ಅಲ್ಲಿ, 1986ರಲ್ಲಿ. ಏಸಿ ಇಲ್ಲದೆ ಹಳ್ಳಿಯ ಧೂಳು, ಸೆಕೆ ತಡಕೊಳ್ಳಬೇಕು ಅಂತಲೇ ಅದನ್ನ ರೂಪಿಸಿದ್ದು. ಯಂತ್ರವನ್ನು ಊರಿಗೆ ಹೊಂದಿಸಿದವರಿದ್ದಾರೆ. ಮಾತನ್ನು ಹೊಂದಿಸುವವರು ಬರಲಿಲ್ಲ, ಹಲಗೆಯ ಮೇಲೆ ‘ದೂರವಾಣಿ ವಿನಿಮಯ ಕೇಂದ್ರ’ ಅಂತ ಬರೆಸಿ ಕೈ ತೊಳೆದುಕೊಂಡರು.

ಹಾಗಂತ ಎಲ್ಲವನ್ನೂ ಕನ್ನಡ ಮಾಡಿ ಅನ್ನೋ ಹಟ ನನಗಿಲ್ಲ. ವೈರಿಂಗ್ ಮಾಡುವ ಹುಡುಗನಿಗೆ ಟ್ರಂಕು, ಪೋರ್ಟು, ಕಾರ್ಡು ಹಾಗೇ ಇರಲಿ, ಅವನ ಕೆಲಸ ಅದರಲ್ಲೇ ನಡೆಯುತ್ತೆ. ಕರೆ ಮಾಡಿದವರ ಕಿವಿಗೆ ಬೀಳೋದು ಮಾತ್ರ ಅವರ ಮಾತಾಗಿರಬೇಕು. ‘ನಿಮ್ಮ ಕರೆ ಸರದಿಯಲ್ಲಿದೆ’ ಒಳ್ಳೆಯ ವಾಕ್ಯ. ರೇಷನ್ ಅಂಗಡಿ ಮುಂದೆ ನಿಂತವರಿಗೆಲ್ಲ ಸರದಿ ಗೊತ್ತು.

ವಾಯ್ಸ್ ಮೇಲ್‌ನದು ಕಡೇ ಪೆಟ್ಟು. ‘ಬೀಪ್ ಧ್ವನಿಯ ನಂತರ ತಮ್ಮ ಸಂದೇಶವನ್ನು ಮುದ್ರಿಸಿ’ ಅನ್ನುತ್ತೆ ಇನ್ನೊಂದು ಕಚೇರಿಯ ಮಷೀನು. ಮುದ್ರಿಸೋಕೆ ಪ್ರೆಸ್ಸಿಗೆ ಹೋಗಬೇಕೇನು? ‘ಕುಂಯ್ ಅಂದ ಮೇಲೆ ನಿಮ್ಮ ಹೆಸರು, ನಂಬರು, ಏನು ಕೆಲಸ ಅಂತ ಹೇಳಿ ಫೋನ್ ಇಡಿ’ ಅಂತ ಸಾಕಿತ್ತು. ಅದನ್ನ ಆಮೇಲೆ ಯಾರಾದರೂ ಕೂತು ಕೇಳ್ತಾರಾ ಅನ್ನೋದು ಬೇರೆ ಪ್ರಶ್ನೆ.