ಹಳೆಯ ಫಿಲ್ಟರ್ ಪ್ರೆಸ್‌ನ ಆರೈಕೆ

ಪೀಣ್ಯದಂಥ ಕೈಗಾರಿಕಾ ಪ್ರದೇಶದ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಲ್ಲಿ ತ್ಯಾಜ್ಯನೀರಿಗೆ ಸುಣ್ಣ ಹಾಕಿದಾಗ ಲೋಹದ ಅಂಶ ಕೆಸರಾಗಿ ಇಳಿಯುತ್ತದೆ. ಅದನ್ನು ಹಿಂಡುವ ಯಂತ್ರ ಫಿಲ್ಟರ್ ಪ್ರೆಸ್. ಒತ್ತಾಗಿ ನಿಂತ ಪ್ಲೇಟುಗಳ ನಡುವೆ ಪಂಪು ಕೆಸರನ್ನು ತಳ್ಳುತ್ತದೆ, ಪ್ಲೇಟುಗಳಿಗೆ ಹೊದಿಸಿದ ಬಟ್ಟೆ ನೀರನ್ನಷ್ಟೇ ಬಿಡುತ್ತದೆ, ಕೆಸರು ಬಿಲ್ಲೆಯಾಗಿ ಉಳಿಯುತ್ತದೆ. ಇಷ್ಟು ಸರಳವಾದ್ದರಿಂದಲೇ ಎಷ್ಟು ಹಳತಾದರೂ ರಿಪೇರಿಗೆ ಒಗ್ಗುತ್ತದೆ.

ಪ್ಲೇಟಿಗೊಂದು ನಲ್ಲಿಯಿರುವ ಹಳೆಯ ಮಾದರಿಯಂತೂ ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ. ಯಾವ ನಲ್ಲಿಯಲ್ಲಿ ಕದಡಿದ ನೀರು ಬರುತ್ತದೋ ಅಲ್ಲಿನ ಬಟ್ಟೆ ಹರಿದಿದೆ. ಆ ನಲ್ಲಿಯೊಂದನ್ನು ಮುಚ್ಚಿ ಆ ಸರದಿ ಮುಗಿಸಬಹುದು.

ಸಂದಿನಿಂದ ನೀರು ಚಿಮ್ಮಿದಾಗ ಹೈಡ್ರಾಲಿಕ್ ಒತ್ತಡ ಏರಿಸುವುದು ಅವಸರದ ಮದ್ದು. ಹೆಚ್ಚಿನ ಸಲ ಅಂಚಿಗೆ ಒಣಗಿ ಅಂಟಿದ ಕೆಸರೋ ಬಟ್ಟೆಯ ಮಡಿಕೆಯೋ ಕಾರಣ. ಪಾಲಿಪ್ರೊಪಿಲೀನ್ ಅಂಚನ್ನು ಕಬ್ಬಿಣದಿಂದ ಕೆರೆದರೆ ಗೀರು ಬಿದ್ದು ಸೋರಿಕೆ ಖಾಯಂ ಆಗುತ್ತದೆ. ಮರದ ಚಕ್ಕೆ ಸಾಕು. ಬಿಲ್ಲೆಯ ನಡುಭಾಗ ಒದ್ದೆಯಾಗಿಯೇ ಉಳಿದರೆ ಕೆಸರು ತೀರ ತೆಳುವಾಗಿದೆ, ಇಲ್ಲವೆ ಬಟ್ಟೆಯ ರಂಧ್ರಗಳಲ್ಲಿ ಸುಣ್ಣ ಕಟ್ಟಿದೆ. ಆ ಸುಣ್ಣವನ್ನು ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲ ಕರಗಿಸುತ್ತದೆ. ಸಯನೈಡ್ ಉಳಿದಿರುವಲ್ಲಿ ಮಾತ್ರ ಆಮ್ಲ ಮುಟ್ಟಿಸಲೇಬಾರದು, ವಿಷಾನಿಲ ಏಳುತ್ತದೆ.

ಎಲ್ಲಕ್ಕಿಂತ ದುಬಾರಿ ತೊಂದರೆ ಕೆಸರು ಒಳಬರುವ ಕಣ್ಣು ಕಟ್ಟುವುದು. ಪ್ಲೇಟುಗಳ ನಡುವಿನ ಒಂದು ಕೋಣೆ ತುಂಬಿ ಪಕ್ಕದ್ದು ಖಾಲಿ ಉಳಿದರೆ ಒಂದೇ ಬದಿಯ ಒತ್ತಡಕ್ಕೆ ಪ್ಲೇಟು ಬಾಗುತ್ತದೆ, ಸೀಳಲೂಬಹುದು. ಬಿಲ್ಲೆ ಬೀಳಿಸಿದಾಗಲೆಲ್ಲ ಆ ಕಣ್ಣನ್ನು ಬಿಡಿಸಿ ನೋಡಬೇಕು.